ನಾಲ್ಕನೇ ಕ್ಲಾಸಿನ ಮೌನ

ನನ್ನ ಮುಖ ನೋಡಿ ಯಾರೂ ಕಲಿಯುವಂಥದ್ದು ಏನೂ ಇಲ್ಲ ಎಂದು ನಾನು ಮೊದಲ ದಿನವೇ ತೀರ್ಮಾನಿಸಿದ್ದೆ. ಆದ್ದರಿಂದ ನನ್ನ ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ನನ್ನ ಕಡೆ ತಿರುಗುವುದಿಲ್ಲ. ಮೇಜಿನ ದೀಪದ ಕಂಬಕ್ಕೆ ಬಿಗಿಸಿಕೊಂಡು ಕೆಳಗೆ ನೋಡುತ್ತಿರುತ್ತದೆ. ಅದಕ್ಕೆ ಕಾಣುವುದು ಒಂದು ಸ್ಟೀಲ್ ಟ್ರೇ, ಅದರಲ್ಲಿರುವ ಕತ್ತರಿ, ಇಕ್ಕಳಗಳು, ನನ್ನ ಎರಡು ಕೈ. ಎಡ ಹೆಬ್ಬೆರಳಿನ ಬುಡದಲ್ಲಿ ಹಬೆ ಸುಟ್ಟ ಹಳೆಯ ಕಲೆಯೊಂದಿದೆ, ಅಂಗಿಯ ಗುಂಡಿಯಷ್ಟು ಅಗಲದ್ದು. ನನ್ನ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಜನಕ್ಕೆ ನಾನೆಂದರೆ ಆ ಕಲೆ.

ಆಪರೇಷನ್ ಥಿಯೇಟರಿನಿಂದ ರಕ್ತ ಮೆತ್ತಿಕೊಂಡು ಬರುವ ಉಪಕರಣಗಳನ್ನು ತೊಳೆದು, ಪರೀಕ್ಷಿಸಿ, ಟ್ರೇಗಳಲ್ಲಿ ಜೋಡಿಸಿ, ಹಬೆಯ ಯಂತ್ರಕ್ಕೆ ತುಂಬಿ ಶುದ್ಧ ಮಾಡುವುದು ನನ್ನ ಕೆಲಸ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದೇನೆ, ಈಗಲೂ ಮಾಡುತ್ತಿದ್ದೇನೆ. ಆಪರೇಷನ್ ಚೆನ್ನಾಗಿ ಆದರೆ ಡಾಕ್ಟರ ಕೈಗುಣ, ಹೊಲಿಗೆಯಲ್ಲಿ ಕೀವಾದರೆ ನಮ್ಮ ಕೈಗುಣ. ಈ ಕೆಲಸದವರು ಎಲ್ಲ ದೇಶದಲ್ಲೂ ಇದ್ದಾರೆ, ಎಲ್ಲ ದೇಶದಲ್ಲೂ ನೆಲಮಾಳಿಗೆಯಲ್ಲೇ ಇದ್ದಾರೆ. ಅಂಥವರಿಗೆ ನಾನು ಕ್ಲಾಸು ತೆಗೆದುಕೊಳ್ಳುತ್ತೇನೆ. ಪ್ರತಿ ಮಂಗಳವಾರ ಬೆಳಿಗ್ಗೆ ಏಳರಿಂದ ಎಂಟೂವರೆ, ಹತ್ತು ವಾರ. ಒಂದು ಬ್ಯಾಚಿಗೆ ಹದಿನಾರೇ ಜನ. ಹದಿನೇಳನೆಯವರು ಎಷ್ಟೇ ಗೋಗರೆದರೂ ಇಲ್ಲ. ನನ್ನ ಪರದೆಯ ಮೇಲೆ ಬೆರಳುಗಳು ಸರಿಯಾಗಿ ಕಾಣುವಷ್ಟು ದೊಡ್ಡ ಕಿಟಕಿಗಳು ಹದಿನಾರೇ ಹಿಡಿಯುವುದು. ನಾನು ಒಂದು ಸಲ ಮಾಡಿ ತೋರಿಸುತ್ತೇನೆ, ಆಮೇಲೆ "ಕೈ ತೋರಿಸಿ" ಎನ್ನುತ್ತೇನೆ. ಹದಿನಾರು ಜೊತೆ ಕೈಗಳು ಹದಿನಾರು ಟ್ರೇಗಳ ಮೇಲೆ ಬರುತ್ತವೆ. ನಾನು ಇಂಗ್ಲಿಷಿನಲ್ಲಿ ಆಡುವ ಮಾತು ಅವರಿಗೆ ನೂರಕ್ಕೆ ಅರವತ್ತು ಪಾಲು ತಿಳಿದರೆ ಹೆಚ್ಚು. ಅವರು ಆಡುವುದು ನನಗೆ ಅಷ್ಟೂ ತಿಳಿಯುವುದಿಲ್ಲ. ಕೈ ಸುಳ್ಳು ಹೇಳುವುದಿಲ್ಲವಾದ್ದರಿಂದ ಕ್ಲಾಸು ನಡೆಯುತ್ತದೆ.

ಹತ್ತರಲ್ಲಿ ನಾಲ್ಕನೇ ಕ್ಲಾಸು ಮಾತ್ರ ಬೇರೆ. ಅವತ್ತು ನಾನು ಟ್ರೇ ಜೋಡಿಸುತ್ತಾ ಬೇಕೆಂದೇ ಒಂದು ತಪ್ಪು ಮಾಡುತ್ತೇನೆ. ಮಾಡಿ, ಎರಡೂ ಕೈಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂರುತ್ತೇನೆ. ಯಾರಾದರೂ ತಪ್ಪನ್ನು ಹಿಡಿಯುವವರೆಗೆ ಒಂದು ಮಾತೂ ಆಡುವುದಿಲ್ಲ. ಒಮ್ಮೆ ಹನ್ನೊಂದು ನಿಮಿಷ ಹಿಡಿದಿತ್ತು. ಒಬ್ಬಾತ ಇಂಟರ್ನೆಟ್ ಹೋಗಿದೆ ಎಂದುಕೊಂಡು ಎದ್ದು ವೈರು ಅಲ್ಲಾಡಿಸಿ ಬಂದಿದ್ದ. ಇನ್ನೊಂದು ಕಟ್ಟುನಿಟ್ಟು ಏನೆಂದರೆ, ಹಿಡಿದವರೇ ಅದನ್ನು ತಮ್ಮ ಟ್ರೇಯಲ್ಲಿ ಸರಿಮಾಡಿ ಎಲ್ಲರಿಗೂ ತೋರಿಸಬೇಕು. ನನ್ನ ಕೈ ತಿದ್ದುವುದಿಲ್ಲ. ಬ್ಯಾಚಿನಿಂದ ಬ್ಯಾಚಿಗೆ ತಪ್ಪು ಬದಲಾಗುತ್ತದೆ. ತಪ್ಪು ಇರುತ್ತದೆಂದೇ ಮೊದಲು ಯಾರಿಗೂ ಹೇಳುವುದಿಲ್ಲ, ಮನೆಯವರಿಗೂ.

ಮನೆಯವರು ಎಂದರೆ ನನ್ನ ತಂಗಿ. ಚಿಕ್ಕಂದಿನಲ್ಲಿ ಬಾಯಿಗೆ ಬಿಡುವಿಲ್ಲದ ಹಾಗೆ ಮಾತಾಡುತ್ತಿದ್ದಳೆಂದು ಮನೆಯಲ್ಲಿ ಅವಳಿಗೆ ಗುಬ್ಬಿ ಎಂದು ಹೆಸರು. ಟಿಕೆಟ್ ಬುಕ್ ಮಾಡುವ ಒಂದು ಕಚೇರಿಯಲ್ಲಿದ್ದಳು. ಆರು ವರ್ಷದ ಹಿಂದೆ ಅದು ಮುಚ್ಚಿತು. ಆಗ ನಾನೇ ಕರೆದು ಮಹಡಿಯ ಕೋಣೆ ಬಿಟ್ಟುಕೊಟ್ಟೆ, ಕ್ಲಾಸಿನ ಬಾಗಿಲನ್ನೂ ಅವಳ ಕೈಗೆ ಕೊಟ್ಟೆ. ಬಾಗಿಲು ಎಂದರೆ ಕಂಪ್ಯೂಟರಿನೊಳಗಿನ ಬಾಗಿಲು. ಬಂದವರು ಮೊದಲು ಕಾಯುವ ಕೋಣೆಯಲ್ಲಿ ನಿಲ್ಲುತ್ತಾರೆ, ಅವಳು ಗುಂಡಿ ಒತ್ತಿ ಒಳಗೆ ಬಿಡುತ್ತಾಳೆ. ಗಲಾಟೆ ಮಾಡುವವರ ಮೈಕು ಮುಚ್ಚುತ್ತಾಳೆ. ಪತ್ರಗಳಿಗೆ ಉತ್ತರ ಬರೆಯುತ್ತಾಳೆ, ಜಾಗ ಇಲ್ಲ ಎಂದು ನಯವಾಗಿ ತಿಳಿಸುತ್ತಾಳೆ. ಯಾವ ದೇಶದಲ್ಲಿ ಈಗ ಎಷ್ಟು ಗಂಟೆ ಎಂಬುದು ಅವಳಿಗೆ ಬಾಯಿಪಾಠ. ಕೆಲವು ದೇಶಗಳಲ್ಲಿ ವರ್ಷಕ್ಕೆರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ತಿರುಗಿಸುತ್ತಾರಲ್ಲ, ಅದರ ಹಿಂದಿನ ದಿನ ಅಲ್ಲಿಯವರಿಗೆ ತಪ್ಪದೆ ಎಚ್ಚರಿಕೆ ಕಳಿಸುತ್ತಾಳೆ. ಅವಳಿಂದಾಗಿ ಆರು ವರ್ಷದಲ್ಲಿ ಒಬ್ಬರೂ ಹೊತ್ತು ತಪ್ಪಿ ಬಂದಿಲ್ಲ. ನನ್ನ ಖಾತೆಯ ಪಾಸ್‌ವರ್ಡೂ ಅವಳ ಹತ್ತಿರವೇ ಇತ್ತು. ನಾನು ಅದನ್ನು ಮರೆತು ಎಷ್ಟೋ ದಿನವಾಗಿತ್ತು ಎಂದರೆ ಅವಳನ್ನು ಎಷ್ಟು ನಂಬಿದ್ದೆ ನೋಡಿ.

ಕ್ಲಾಸು ನಡೆಯುವಾಗ ಅವಳು ಮೇಜಿನ ಇನ್ನೊಂದು ತುದಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ನಾಲ್ಕನೇ ಕ್ಲಾಸಿನಲ್ಲಿ ಮಾತ್ರ, ನನ್ನ ಮೌನ ಶುರುವಾದ ಕೂಡಲೇ, ಹೆಡ್‌ಫೋನ್ ತೆಗೆದಿಟ್ಟು ಬೆಕ್ಕಿನ ಹಾಗೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಮೌನ ಮುರಿದು, ತಪ್ಪು ತಿದ್ದಿ ಮುಗಿಯುವ ಹೊತ್ತಿಗೆ ಎರಡು ಲೋಟ ಚಹಾ ಬರುತ್ತಿತ್ತು. ಆ ಚಹಾ ನನಗೆ ಬಲು ಇಷ್ಟ.

ಈ ಸಲದ ನಾಲ್ಕನೇ ಕ್ಲಾಸಿನಲ್ಲಿ ನಾನು ಒಂದು ಸ್ಟೀಲ್ ಬಟ್ಟಲನ್ನು ಟ್ರೇಯಲ್ಲಿ ಅಂಗಾತ ಇಟ್ಟೆ. ಹಾಗಿಟ್ಟರೆ ಹಬೆ ನೀರಾಗಿ ಅದರಲ್ಲೇ ನಿಲ್ಲುತ್ತದೆ, ಟ್ರೇಗೆ ಸುತ್ತಿದ ಬಟ್ಟೆಯ ಕಟ್ಟು ಒದ್ದೆಯಾಗಿ ಶುದ್ಧಿ ಕೆಡುತ್ತದೆ. ಇಟ್ಟು ಕೈ ಕಟ್ಟಿ ಕೂತೆ. ಗಂಟೆ ಎಂಟು. ಗುಬ್ಬಿ ಎದ್ದು ಹೋದಳು. ಹದಿನಾರು ಜನ ಹುಬ್ಬು ಗಂಟಿಕ್ಕಿ ನನ್ನ ಟ್ರೇಯನ್ನು ನೋಡುತ್ತಿದ್ದರು.

ಎರಡು ನಿಮಿಷ ಕಳೆದಿರಬಹುದು. ಗುಬ್ಬಿಯ ಲ್ಯಾಪ್‌ಟಾಪು ಟಿಂಗ್ ಎಂದಿತು. ಕಾಯುವ ಕೋಣೆಯಲ್ಲಿ ಯಾರೋ ನಿಂತಿದ್ದಾರೆ. ಎಣಿಸಿದೆ, ಹದಿನಾರೂ ಜನ ಒಳಗೇ ಇದ್ದರು. ಯಾರದೋ ಇಂಟರ್ನೆಟ್ ಕೈಕೊಟ್ಟು ಫೋನಿನಿಂದ ಮತ್ತೆ ಬರುತ್ತಿರಬೇಕು ಎಂದುಕೊಂಡು ನಾನೇ ಕೈ ಚಾಚಿ ಗುಂಡಿ ಒತ್ತಿದೆ. ಆರು ವರ್ಷದಲ್ಲಿ ನಾನು ಆ ಗುಂಡಿ ಒತ್ತಿದ್ದು ಅದೇ ಮೊದಲು.

ಹದಿನೇಳನೇ ಕಿಟಕಿ ತೆರೆಯಿತು. ಹಸಿರು ಟೋಪಿ ಹಾಕಿದ ಒಬ್ಬ ಮಧ್ಯವಯಸ್ಸಿನ ಮನುಷ್ಯ, ಹಿಂದೆ ಗೋಡೆಗೆ ಸಾಲಾಗಿ ಟ್ರೇಗಳು. ನಾನು ಎಂದೂ ನೋಡದ ಮುಖ. ಅವನು ಪರದೆಗೆ ಬಗ್ಗಿ ನನ್ನ ಕೈ ನೋಡಿದ, ನೋಡಿ ಸಮಾಧಾನವಾದವನಂತೆ ನಕ್ಕ.

"ನಮಸ್ಕಾರ ಮೇಡಂ. ಲೇಟಾಯ್ತಾ ನಾನು? ಆಗಲೇ ಶುರುವಾಗಿದೆಯಲ್ಲ."

ನಾನು ಮೌನ ಮುರಿಯುವ ಹಾಗಿರಲಿಲ್ಲ. ಆದರೂ ಮುರಿದೆ. "ಯಾರು ನೀವು?" ಎಂದೆ.

"ಅಯ್ಯೋ ಮೇಡಂ, ನಾನೇ. ಏಳು ವಾರದಿಂದ ಬರ್ತಿದೀನಿ." ಅವನು ಕಿವಿಯನ್ನು ಪರದೆಯ ಹತ್ತಿರ ತಂದು, "ಇವತ್ತೇನು ನಿಮ್ಮ ದನಿ ಬೇರೆ ಥರ ಇದೆ? ಶೀತ ಆಗಿದೆಯಾ?" ಎಂದ.

ದನಿ ಬೇರೆ, ಕೈ ಮಾತ್ರ ಅದೇ. ನನಗೆ ತಕ್ಷಣ ಏನೂ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಒಪ್ಪಿಕೊಳ್ಳುವುದಕ್ಕೆ ಹೊತ್ತು ಹಿಡಿಯಿತು ಅಷ್ಟೇ. ಹೋದ ವರ್ಷ ಗುಬ್ಬಿ, "ಕರೆಂಟ್ ಹೋದ್ರೆ, ನಿಂಗೆ ಹುಷಾರಿಲ್ಲದಿದ್ರೆ ಇರಲಿ ಅಕ್ಕ" ಎಂದು ಗಂಟುಬಿದ್ದು ಒಂದು ಬ್ಯಾಚಿನ ಹತ್ತೂ ಕ್ಲಾಸುಗಳನ್ನು ರೆಕಾರ್ಡ್ ಮಾಡಿಟ್ಟಿದ್ದಳು. ರೆಕಾರ್ಡ್ ಎಂದರೆ ನನಗೆ ಆಗುವುದಿಲ್ಲ. ಅವಳ ಒತ್ತಾಯಕ್ಕೆ ಹೂಂ ಅಂದಿದ್ದೆ. ಆ ಬ್ಯಾಚಿನ ನಾಲ್ಕನೇ ಕ್ಲಾಸಿನಲ್ಲಿ ನಾನು ಮಾಡಿದ್ದ ತಪ್ಪು ಯಾವುದೆಂದು ನೆನಪಾಯಿತು.

"ಫೋರ್ಸೆಪ್ಸ್ ಹೇಗೆ ಇಡ್ತೀರಿ? ಕೈ ತೋರಿಸಿ" ಎಂದೆ.

"ಕೈನಾ? ನಮ್ಮ ಕ್ಲಾಸಲ್ಲಿ ನಮಸ್ಕಾರ ಆದಮೇಲೆ ಕ್ಯಾಮೆರಾ ಆಫ್ ಅಲ್ವಾ ಮೇಡಂ" ಎನ್ನುತ್ತಲೇ ಅವನು ಒಂದು ಟ್ರೇ ಎಳೆದುಕೊಂಡು ಕ್ಯಾಮೆರಾ ಬಗ್ಗಿಸಿದ. ರಕ್ತನಾಳ ಹಿಡಿಯುವ ಇಕ್ಕಳಗಳು, ನಾವು ಫೋರ್ಸೆಪ್ಸ್ ಎನ್ನುವಂಥವು, ಒಂದು ಡಜನ್ ಇದ್ದವು. ಒಂದೊಂದನ್ನೂ ಹಿಡಿಯ ಬಳಿಯ ಹಲ್ಲು ಕಚ್ಚಿಸಿ, ಬಿಗಿಯಾಗಿ ಮುಚ್ಚಿ, ಅಂದವಾಗಿ ಸಾಲಾಗಿ ಮಲಗಿಸಿದ್ದ. ಕೆಲಸದಲ್ಲಿ ಶ್ರದ್ಧೆ ಇತ್ತು. ಹಾಗೆ ಮುಚ್ಚಿದರೆ ಕೀಲಿನೊಳಗೆ ಹಬೆ ಹೋಗುವುದಿಲ್ಲ. ಅಲ್ಲಿ ಉಳಿದದ್ದು ಹಾಗೇ ಉಳಿದು ಇನ್ನೊಬ್ಬರ ಹೊಟ್ಟೆಯೊಳಕ್ಕೆ ಹೋಗುತ್ತದೆ. ಅವು ತೆರೆದೇ ಇರಬೇಕು. ಈ ಕೆಲಸದಲ್ಲಿ ಅದು ಅಆಇಈ.

"ಹೀಗೆ ಮುಚ್ಚಬೇಕು ಅಂತ ಯಾರು ಹೇಳಿಕೊಟ್ಟರು?"

"ನೀವೇ ಮೇಡಂ" ಎಂದ ಅವನು. "ಮೊದಲು ನಾವು ತೆರೆದೇ ಇಡ್ತಿದ್ವಿ. ನಾಲ್ಕನೇ ಕ್ಲಾಸಲ್ಲಿ ನೀವು ಮುಚ್ಚಿದ್ದು ನೋಡಿ, ನಮ್ಮ ಇಡೀ ವಿಭಾಗದಲ್ಲಿ ಬದಲಾಯಿಸಿಬಿಟ್ವಿ."

ಅಷ್ಟರಲ್ಲಿ ಗುಬ್ಬಿ ಎರಡು ಲೋಟ ಹಿಡಿದು ಬಾಗಿಲಲ್ಲಿ ಕಾಣಿಸಿದಳು. ಪರದೆ ನೋಡಿದಳು, ಹಸಿರು ಟೋಪಿ ನೋಡಿದಳು. ಲೋಟಗಳು ತುಳುಕಿ ಅವಳ ಬೆರಳ ಮೇಲೆ ಬಿಸಿ ಚಹಾ ಹರಿಯಿತು. ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ.

"ನಿಮ್ಮ ಕ್ಲಾಸು ಒಂಬತ್ತಕ್ಕೆ" ಎಂದಳು ಅವನಿಗೆ, ನಿಂತಲ್ಲಿಂದಲೇ. ದನಿ ಅವಳದೋ ಅಲ್ಲವೋ ಎನ್ನುವಂತಿತ್ತು. "ನಿಮ್ಮ ಕಡೆ ಭಾನುವಾರ ಗಡಿಯಾರ ಮುಂದೆ ಹಾಕಿದಾರೆ. ಒಂದು ಗಂಟೆ ಮುಂಚೆ ಬಂದುಬಿಟ್ಟಿದೀರಿ."

"ಹಾಂ, ಇದು ಮೇಡಂ ದನಿ" ಎಂದು ಖುಷಿಯಾಗಿ ಕೈಮುಗಿದು ಹೊರಟುಹೋದ ಆ ಪುಣ್ಯಾತ್ಮ.

ನನ್ನ ವಿದ್ಯಾರ್ಥಿಗಳಿಗೆ ಅವಳು ಶನಿವಾರವೇ ಎಚ್ಚರಿಕೆ ಕಳಿಸಿದ್ದಳು. ತನ್ನವರಿಗೆ ಕಳಿಸಲು ಮರೆತಿದ್ದಳು. ಆರು ವರ್ಷದ ಅಭ್ಯಾಸ, ಕೈ ನನ್ನ ಪಟ್ಟಿಯ ಕೊನೆಗೆ ಬಂದು ನಿಂತಿರಬೇಕು.

ಉಳಿದ ಅರ್ಧ ಗಂಟೆ ನಾನು ಹೇಗೆ ಪಾಠ ಮಾಡಿದೆನೋ ತಿಳಿಯದು. ಮೂಲೆಯ ಕಿಟಕಿಯ ಹೆಂಗಸೊಬ್ಬಳು ಬಟ್ಟಲಿನ ತಪ್ಪನ್ನು ಹಿಡಿದಳು, ತನ್ನ ಟ್ರೇಯಲ್ಲಿ ಬೋರಲು ಹಾಕಿ ತೋರಿಸಿದಳು, ನಾನು ಭೇಷ್ ಎಂದೆ. ಗುಬ್ಬಿ ತಲೆ ಎತ್ತಲಿಲ್ಲ. ನನ್ನ ಚಹಾ ಮೇಲೆ ಕೆನೆ ಕಟ್ಟಿತು. ಎಂಟೂವರೆಗೆ ಕೊನೆಯ ಕಿಟಕಿ ಮುಚ್ಚಿತು. ಎಂದಿನಂತಾದರೆ ನಾನು ಕಾಲು ಗಂಟೆಯಲ್ಲಿ ಆಸ್ಪತ್ರೆಗೆ ಹೊರಡಬೇಕಿತ್ತು. ನಾನು ಹೊರಟ ಮೇಲೆ ಇವಳ ಕ್ಲಾಸು ಎಂಬುದು ಈಗ ಅರ್ಥವಾಯಿತು. ಆಸ್ಪತ್ರೆಗೆ ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳಿ, ಅವಳ ಎದುರು ಕೂತೆ.

"ಎಷ್ಟು ಜನ?"

"ನಲವತ್ತಮೂರು."

"ಎಲ್ಲಿಂದ ಹಿಡಿದೆ ಅವರನ್ನ?"

"ನೀನು ಜಾಗ ಇಲ್ಲ ಅಂದೋರೇ ಎಲ್ಲ. ಹಾಗಂತ ನಾನೇ ಬರೀಬೇಕಿತ್ತಲ್ಲ." ಅವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಜಾಗ ಇದೆ ಅಂತ ಬರೆದೆ."

"ನನ್ನ ಕೈ ಹಾಕಿ, ನಿನ್ನ ದನಿ ಹಾಕಿ."

"ನಿನ್ನ ವಿಡಿಯೋದ ಸೌಂಡ್ ತೆಗೆದು ನಾನು ಪಕ್ಕದಲ್ಲಿ ಮಾತಾಡ್ತೀನಿ. ನೇರವಾಗಿ, ಲೈವಾಗಿ. ಪ್ರಶ್ನೆ ಕೇಳಿದ್ರೆ ಉತ್ತರ ಹೇಳ್ತೀನಿ. ನಿನ್ನ ಒಂದೊಂದು ಮಾತೂ ನಂಗೆ ಗೊತ್ತು ಅಕ್ಕ. ಆರು ವರ್ಷ ಕೇಳಿದೀನಿ."

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಕೇಳಿದ್ದೆ." ಅವಳು ಮೊದಲ ಸಲ ತಲೆ ಎತ್ತಿದಳು. "ಮೂರು ವರ್ಷದ ಹಿಂದೆ. ಒಂದು ಬ್ಯಾಚು ನಾನು ತಗೊಳ್ಲಾ ಅಂತ. ಬಾಗಿಲು ಕಾಯೋರು ಆಪರೇಷನ್ ಮಾಡೋಕಾಗುತ್ತೇನೇ ಗುಬ್ಬಿ ಅಂತ ನೀನು ನಕ್ಕೆ. ಪಕ್ಕದ ಮನೆಯವರ ಮುಂದೆ ನಕ್ಕೆ."

ನಕ್ಕಿದ್ದೆ. ನೆನಪಿತ್ತು. ನನ್ನ ಬಾಯಿ ನೆಟ್ಟಗಿಲ್ಲ, ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ಆದರೆ ಅವತ್ತು ಅವಳು ನನ್ನ ಮುಖಕ್ಕೆ ಹೊಡೆದ ಹಾಗೆ ತಿರುಗಿ ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಕೋಣೆ ಬಿಟ್ಟು ಹೋಗಿದ್ದರೂ ತಡೆದುಕೊಳ್ಳುತ್ತಿದ್ದೆ. ಮೂರು ವರ್ಷ ಏನೂ ಆಗದವಳಂತೆ ಎದುರಿಗೆ ಕೂತು, ಚಹಾ ತಂದುಕೊಟ್ಟು, "ಸುಸ್ತಾಯ್ತಾ ಅಕ್ಕ" ಎಂದು ಕೇಳಿ, ನಾನು ಗೇಟು ದಾಟಿದ ಕೂಡಲೇ ಮಹಡಿ ಹತ್ತಿ ನನ್ನ ಕೈಗಳನ್ನು ಪರದೆಯ ಮೇಲೆ ಬಿಚ್ಚಿ ಕೂತಳಲ್ಲ, ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಬೇರೆ ಯಾರಾದರೂ ಮಾಡಿದ್ದರೆ ನಾಲ್ಕು ಮಾತು ಬೈದು ಕೈತೊಳೆದುಕೊಳ್ಳುತ್ತಿದ್ದೆ. ಇವಳನ್ನು ಎತ್ತಿ ಆಡಿಸಿದವಳು ನಾನು.

ಬೈಯಲು ಹೊತ್ತಿರಲಿಲ್ಲ. ಗಡಿಯಾರ ಎಂಟೂ ನಲವತ್ತು ತೋರಿಸುತ್ತಿತ್ತು.

"ನಿನ್ನ ನಾಲ್ಕನೇ ಕ್ಲಾಸಿನ ವಿಡಿಯೋ ಹಾಕು" ಎಂದೆ. "ಅದರಲ್ಲಿ ಒಂದು ತಪ್ಪಿದೆ. ಹುಡುಕು."

ಅವಳು ಹಾಕಿದಳು. ನನ್ನ ಕೈಗಳು ಫೋರ್ಸೆಪ್ಸ್‌ಗಳನ್ನು ಒಂದೊಂದಾಗಿ ಕಟಕ್ ಎಂದು ಮುಚ್ಚಿ ಸಾಲಾಗಿ ಇಟ್ಟವು. ಇಟ್ಟ ಕೂಡಲೇ ಚಿತ್ರ ಹಾರಿ ಮುಂದಿನ ಪಾಠಕ್ಕೆ ಹೋಯಿತು.

"ಮಧ್ಯೆ ಏನಾಯ್ತು?"

"ಅಲ್ಲಿ ಏಳು ನಿಮಿಷ ಬರೀ ಕೈ ಇಟ್ಕೊಂಡು ಕೂತಿರ್ತೀಯ. ಅದನ್ನ ಕತ್ತರಿಸಿ ತೆಗೆದೆ. ಏನೂ ನಡೆಯಲ್ವಲ್ಲ ಅಲ್ಲಿ."

"ನಡೆಯಲ್ಲ ಅಂತ ನಿಂಗೆ ಹೇಗೆ ಗೊತ್ತು? ಅವತ್ತು ಆ ಏಳು ನಿಮಿಷ ನೀನೆಲ್ಲಿದ್ದೆ?"

ಅವಳ ಕಣ್ಣು ತಾನಾಗಿಯೇ ಅಡುಗೆಮನೆಯ ಬಾಗಿಲ ಕಡೆ ಹೋಯಿತು. ಅಲ್ಲಿಂದ ಲೋಟಗಳಿಗೆ ಬಂತು. ನನ್ನ ಪಾಠದ ಪ್ರತಿ ಮಾತೂ ಅವಳಿಗೆ ಗೊತ್ತಿತ್ತು. ನಾನು ಮಾತಾಡದೆ ಕಲಿಸುತ್ತಿದ್ದ ಒಂದೇ ಒಂದು ಪಾಠವನ್ನು ಅವಳು ಆರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ತಪ್ಪನ್ನು ಹಿಡಿದವರು ಅವರವರ ಟ್ರೇಯಲ್ಲಿ ತಿದ್ದಿದ್ದರಿಂದ, ನನ್ನ ಕೈಯ ವಿಡಿಯೋದಲ್ಲಿ ತಪ್ಪು ಮಾತ್ರ ಉಳಿದಿತ್ತು.

"ಫೋರ್ಸೆಪ್ಸ್ ಮುಚ್ಚಿದ್ದು" ಎಂದೆ. "ಮೂರು ವಾರದಿಂದ ನಲವತ್ತಮೂರು ಆಸ್ಪತ್ರೆ ಅದನ್ನೇ ಮಾಡ್ತಿವೆ."

"ನಂಗೆ ಗೊತ್ತಿರಲಿಲ್ಲ ಅಕ್ಕ. ಆಣೆಗೂ ಗೊತ್ತಿರಲಿಲ್ಲ" ಎಂದು ಅಳತೊಡಗಿದಳು. ನನಗೆ ಅವಳ ಅಳು ಬೇಕಿರಲಿಲ್ಲ. ಅವರ ಕೈಗಳು ಬೇಕಿದ್ದವು. ಒಂದು ಪತ್ರ ಬರೆದು ಹಾಕಿದರೆ ಅರ್ಧ ಜನ ಓದುವುದಿಲ್ಲ. ಓದಿದವರಲ್ಲಿ ಅರ್ಧ ಜನ ನಂಬುವುದಿಲ್ಲ, ಏಕೆಂದರೆ ಕಣ್ಣಾರೆ ನೋಡಿದ್ದಾರೆ. ಕೈ ಕಲಿಸಿದ್ದನ್ನು ಕೈಯೇ ತಿದ್ದಬೇಕು, ಅದೂ ಅದೇ ಕಲೆ ಇರುವ ಕೈ.

"ಒಂಬತ್ತಕ್ಕೆ ನಾನು ನಿನ್ನ ಕ್ಲಾಸಿಗೆ ಬರ್ತೀನಿ. ನಾನೇ ತೆರೆದಿಟ್ಟು ತೋರಿಸ್ತೀನಿ. ನಲವತ್ತಮೂರು ಜನಾನೂ ಕ್ಯಾಮೆರಾ ಹಾಕಬೇಕು, ಒಬ್ಬೊಬ್ಬರ ಕೈಯನ್ನೂ ನಾನು ನೋಡಬೇಕು. ಅದಕ್ಕೂ ಮುಂಚೆ ನೀನು ಒಂದೇ ಒಂದು ಮಾತು ಹೇಳಬೇಕು. ಇಷ್ಟು ದಿನ ನೋಡಿದ್ದು ಯಾರ ಕೈ ಅಂತ."

"ಹೇಳ್ತೀನಿ" ಎಂದಳು, ಮೂಗು ಒರೆಸಿಕೊಳ್ಳುತ್ತಾ.

"ನಿಜವಾಗ್ಲೂ?"

"ಹೇಳ್ತೀನಿ ಅಂದ್ನಲ್ಲ ಅಕ್ಕ." ನನ್ನ ಕೈ ಹಿಡಿದುಕೊಂಡಳು. ಹೆಬ್ಬೆರಳಿನ ಕಲೆಯ ಮೇಲೆ ಅವಳ ಬೆರಳಿತ್ತು. ನಾನು ನಂಬಿದೆ. ಮತ್ತೆ ನಂಬಿದೆ, ಅದಕ್ಕೆ ನನಗೆ ನಾನೇ ಏನೆಂದುಕೊಳ್ಳಲಿ.

ಒಂಬತ್ತಕ್ಕೆ ಐದು ನಿಮಿಷವಿರುವಾಗ ಅವಳು ಮುಖ ತೊಳೆದು, ತಲೆ ಬಾಚಿಕೊಂಡು, ಲ್ಯಾಪ್‌ಟಾಪು ಎತ್ತಿಕೊಂಡು ಮಹಡಿ ಹತ್ತಿದಳು. ನಾನು ಕೆಳಗೆ ನನ್ನ ಮೇಜಿನಲ್ಲಿ ಒಂದು ಡಜನ್ ಫೋರ್ಸೆಪ್ಸ್ ಜೋಡಿಸಿಕೊಂಡು, ನನ್ನದೇ ಕ್ಲಾಸಿನ ಲಿಂಕನ್ನು ಒತ್ತಿದೆ. ನನ್ನ ಖಾತೆಯಲ್ಲಿ ಯಜಮಾನಿಯಾಗಿ ಅವಳು ಕೂತಿದ್ದಳು, ಆದ್ದರಿಂದ ನಾನು ಹೊರಗಿನವಳಾಗಿ ಬರಬೇಕಾಯಿತು. ಸ್ವಲ್ಪ ಕಾಯಿರಿ, ಒಳಗೆ ಬಿಡುತ್ತಾರೆ ಎಂದು ಪರದೆ ಹೇಳಿತು. ಕಾಯುವ ಕೋಣೆ ಹೇಗಿರುತ್ತದೆಂದು ನಾನು ನೋಡಿದ್ದು ಆಗಲೇ. ಬೂದು ಬಣ್ಣ, ನಡುವೆ ಒಂದು ಚಕ್ರ ಸುತ್ತುತ್ತಿರುತ್ತದೆ. ಆರು ನಿಮಿಷ ಸುತ್ತಿತು. ಮೇಲಿನಿಂದ ಅವಳ ದನಿ ಅಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ವಿಷಯ ಹೇಳುತ್ತಿದ್ದಾಳೆ ಎಂದುಕೊಂಡೆ. ಕಷ್ಟದ ಮಾತು, ಹೊತ್ತು ಹಿಡಿಯುತ್ತದೆ ಎಂದುಕೊಂಡು ಪಾಪ ಅಂತಲೂ ಅನ್ನಿಸಿತು.

ಬಾಗಿಲು ತೆರೆಯಿತು. ನನ್ನ ಕೈಗಳು ಪರದೆಯ ಮೇಲೆ ಬಂದವು. ಅವಳ ಮಾತು ಮುಗಿಯುತ್ತಿತ್ತು.

"...ಹಾಗಾಗಿ ಅದು ತಪ್ಪೇ. ನಾನು ಬೇಕಂತಲೇ ಇಟ್ಟಿದ್ದ ತಪ್ಪು. ನಿಮ್ಮಲ್ಲಿ ಯಾರಾದರೂ ಹಿಡೀತೀರಾ ಅಂತ ಮೂರು ವಾರ ಸುಮ್ಮನೆ ಕಾಯ್ತಿದ್ದೆ. ಒಬ್ಬರೂ ಹಿಡೀಲಿಲ್ಲ. ಇದು ನನ್ನ ಕಲಿಸೋ ರೀತಿ. ಇವತ್ತು ಸರಿಯಾದ ಕ್ರಮಾನ ನನ್ನ ಸಹಾಯಕಿ ತೋರಿಸ್ತಾರೆ, ಎಲ್ಲರೂ ಕ್ಯಾಮೆರಾ ಹಾಕಿ."

ಯಾರೋ ಚಪ್ಪಾಳೆ ತಟ್ಟಿದರು. ಎಂಥ ಅದ್ಭುತ ಮೇಷ್ಟ್ರು ಎಂದು ಇನ್ನೊಬ್ಬರು ಬರೆದು ಹಾಕಿದರು.

ಕೈ ಕದ್ದದ್ದು ಸಾಲದೆಂದು ನನ್ನ ಮೌನವನ್ನೂ ಕದ್ದಿದ್ದಳು. ಅದೂ ಹದಿನೈದು ನಿಮಿಷದ ಹಿಂದೆ, ಅಳುತ್ತಾ ಕಲಿತುಕೊಂಡು. ನನ್ನ ಮೈಕು ತೆರೆದಿತ್ತು. ಒಂದು ಮಾತು ಸಾಕಿತ್ತು. ಇವಳು ಸುಳ್ಳಿ, ಆ ಕೈ ನನ್ನದು ಎಂದರೆ ಮುಗಿಯಿತು. ಆಮೇಲೆ ಏನಾಗುತ್ತದೆ ಎಂದೂ ಕಂಡಿತು. ಗದ್ದಲ, ಯಾರು ನಿಜ ಯಾರು ಸುಳ್ಳು ಎಂಬ ಪಂಚಾಯಿತಿ, ಅರ್ಧ ಜನ ಕಿಟಕಿ ಮುಚ್ಚಿ ಹೋಗುವುದು, ಹೋದವರು ನಾಳೆ ಬೆಳಿಗ್ಗೆ ಮತ್ತೆ ಕಟಕ್ ಕಟಕ್ ಎಂದು ಮುಚ್ಚುವುದು. ಒಂದೊಂದಾಗಿ ಕ್ಯಾಮೆರಾಗಳು ತೆರೆದುಕೊಳ್ಳುತ್ತಿದ್ದವು. ಪರದೆಯ ಮೂರು ಪುಟ ತುಂಬ ಟ್ರೇಗಳು, ಪ್ರತಿ ಟ್ರೇಯಲ್ಲೂ ನಾನು ಕಲಿಸಿದ ತಪ್ಪು.

ನಾಲಿಗೆ ಕಚ್ಚಿಕೊಂಡೆ. "ಕೈ ತೋರಿಸಿ" ಎಂದೆ.

ಮೊಟ್ಟಮೊದಲ ಬಾರಿಗೆ ನನ್ನ ಕೈಯೇ ತನ್ನ ತಪ್ಪನ್ನು ತಿದ್ದಿತು. ಹಲ್ಲು ಬಿಡಿಸಿ, ಎರಡು ಬೆರಳಗಲ ತೆರೆದು, ಜಾರದಂತೆ ಕಂಬಿಗೆ ಪೋಣಿಸಿ ಇಟ್ಟೆ. ನಲವತ್ತಮೂರು ಜನರನ್ನೂ ಒ‌ಬ್ಬೊಬ್ಬರಾಗಿ ನೋಡಿದೆ. ಬೆರಳು ನಡುಗುವವರಿದ್ದರು, ಅವಸರ ಮಾಡುವವರಿದ್ದರು. ಇಬ್ಬರಿಗೆ ಮೂರು ಮೂರು ಸಲ ಹೇಳಬೇಕಾಯಿತು. ಈ ಮೂರು ವಾರದಲ್ಲಿ ಕಟ್ಟಿಟ್ಟ ಕಟ್ಟುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಶುದ್ಧ ಮಾಡಿ, ಬಳಸಿದವು ಯಾರಿಗೆ ಬಳಕೆಯಾದವು ಎಂದು ಡಾಕ್ಟರಿಗೆ ಹೇಳಿ ಎಂದೆ, ಎರಡೆರಡು ಸಲ ಹೇಳಿದೆ. ಒಂದು ಗಂಟೆಯ ಮೇಲಾಯಿತು. ಆ ಹೊತ್ತಿನಲ್ಲಿ ನನಗೆ ಗುಬ್ಬಿಯ ನೆನಪು ಬರಲಿಲ್ಲ.

ಕೊನೆಗೆ ಉಳಿದವನು ಹಸಿರು ಟೋಪಿಯವನು. ಅವನ ಹನ್ನೆರಡೂ ಫೋರ್ಸೆಪ್ಸ್ ಬಾಯಿ ತೆರೆದು ಅಚ್ಚುಕಟ್ಟಾಗಿ ನಿಂತಿದ್ದವು. ಸರಿಯಾಗಿದೆ ಎಂದು ಹೇಳಿ, ಇನ್ನು ನನ್ನ ಮಾತೊಂದನ್ನು ಹೇಳಿಯೇ ಬಿಡೋಣ ಎಂದು ಬಾಯಿ ತೆರೆದೆ. ಪರದೆಯ ಮೂಲೆಯಲ್ಲಿ ಮೈಕಿನ ಗುರುತಿನ ಮೇಲೆ ಕೆಂಪು ಗೆರೆ ಬಿದ್ದಿತು. ಮಹಡಿಯ ಮೇಲೆ ಯಾರೋ ಗುಂಡಿ ಒತ್ತಿದ್ದರು. ನಾನು ಒತ್ತಿ ನೋಡಿದೆ, ತೆರೆಯಲಿಲ್ಲ.

"ಕ್ಷಮಿಸಿ" ಎಂದ ಹಸಿರು ಟೋಪಿಯವನು, ಬಹಳ ಮರ್ಯಾದೆಯಿಂದ. "ನಿಮಗೂ ಮೇಡಂ ಥರಾನೇ ಹಬೆ ಸುಟ್ಟ ಕಲೆ ಇದೆ, ಮೊದಲು ಬಂದಾಗ ನಾನು ನಿಮ್ಮನ್ನೇ ಮೇಡಂ ಅಂದ್ಕೊಂಡುಬಿಟ್ಟಿದ್ದೆ."

ನಾನು ಹೆಬ್ಬೆರಳು ಎತ್ತಿದೆ, ಪರವಾಗಿಲ್ಲ ಎಂಬಂತೆ. ಬೇರೆ ಏನೂ ಮಾಡುವ ಹಾಗಿರಲಿಲ್ಲ. ಸಭೆ ಮುಗಿದಿದೆ ಎಂದು ಪರದೆ ಹೇಳಿತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅಡುಗೆಮನೆಯಲ್ಲಿ ನಲ್ಲಿ ತಿರುಗಿತು, ಒಲೆ ಹತ್ತಿತು. ಸ್ವಲ್ಪ ಹೊತ್ತಿಗೆ ಗುಬ್ಬಿ ಎರಡು ಲೋಟ ತಂದು ಒಂದನ್ನು ನನ್ನ ಮುಂದಿಟ್ಟಳು.

"ಎಲ್ಲಾ ಸರಿಹೋಯ್ತಲ್ಲ ಅಕ್ಕ" ಎಂದಳು.

ನಾನು ಎರಡೂ ಕೈಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂತೆ. ತನ್ನ ತಪ್ಪನ್ನು ಅವಳೇ ಹಿಡಿಯಲಿ ಎಂದು ಕಾದೆ. ಅವಳು ಚಹಾ ಊದಿ ಊದಿ ಕುಡಿದಳು. ಕಿಟಕಿಯ ಹೊರಗೆ ಒಂದು ವ್ಯಾನು ಹಿಂದಕ್ಕೆ ಬಂದು, ಸಾಮಾನು ಇಳಿಸಿ ಹೋಯಿತು. ಗೋಡೆಯ ಗಡಿಯಾರದಲ್ಲಿ ಎಂಟು ನಿಮಿಷ ಕಳೆಯಿತು.

"ತಣ್ಣಗಾಗುತ್ತೆ, ಕುಡಿ" ಎಂದಳು.

"ಇನ್ಮೇಲೆ ಕ್ಲಾಸಿನ ಬಾಗಿಲು ನಾನೇ ತೆಗೀತೀನಿ" ಎಂದೆ.

ಅವಳು ಲೋಟ ಕೆಳಗಿಟ್ಟಳು. "ಮತ್ತೆ ನನ್ನವರು? ಇನ್ನೂ ಮೂರು ಕ್ಲಾಸಿದೆ ಅವರಿಗೆ."

"ಅವರಿಗೆ ಉಳಿದದ್ದನ್ನ ನಾನು ಮಾಡ್ತೀನಿ. ಮೊದಲನೇ ಮಾತು ಯಾರ ಕೈ ಅನ್ನೋದರಿಂದ ಶುರು ಮಾಡ್ತೀನಿ."

ಅವಳು ಏನೋ ಹೇಳಲು ಹೊರಟಳು. ನಾನು ಕಂಪ್ಯೂಟರನ್ನು ಹತ್ತಿರ ಎಳೆದುಕೊಂಡು ಪಾಸ್‌ವರ್ಡ್ ಬದಲಾಯಿಸುವ ಪುಟ ತೆರೆದೆ. ಮೊದಲು ಹಳೆಯದನ್ನು ಬರೆಯಿರಿ ಎಂದು ಅದು ಕೇಳಿತು. ಮರೆತಿದ್ದೇನೆ ಎಂದುಕೊಂಡಿದ್ದೆ, ಬೆರಳುಗಳು ಮರೆತಿರಲಿಲ್ಲ. ಆರು ವರ್ಷದ ಹಿಂದೆ, ಅವಳು ಪೆಟ್ಟಿಗೆ ಹಿಡಿದು ಈ ಮನೆಗೆ ಬಂದ ದಿನ, ನಾನೇ ಇಟ್ಟದ್ದು. ಗುಬ್ಬಿ, ಮುಂದೆ ಅವಳು ಹುಟ್ಟಿದ ವರ್ಷ. ಅವಳು ನೋಡುತ್ತಿದ್ದಂತೆ ಒಂದೊಂದೇ ಅಕ್ಷರವನ್ನು ಒತ್ತಿದೆ.